ಪಿಕಪ್ ಬೇಕೆಂದು ಟೈಮಿಂಗ್ ತಿರುಗಿಸಬೇಡಿ

ಹಳೆಯ ಬುಲೆಟ್ ಅಥವಾ ಯೆಜ್ಡಿ ಇಟ್ಟುಕೊಂಡವರು ಗ್ಯಾರೇಜಿಗೆ ಹೋಗಿ ಹೇಳುವ ಮಾತು ಒಂದೇ: 'ಪಿಕಪ್ ಇಲ್ಲ, ಸ್ವಲ್ಪ ನೋಡಪ್ಪಾ.' ಮೆಕ್ಯಾನಿಕ್ ಪಾಯಿಂಟ್ ಪ್ಲೇಟಿನ ಸ್ಕ್ರೂ ಸಡಿಲಿಸಿ, ಅಂದಾಜಿನಲ್ಲೇ ಟೈಮಿಂಗನ್ನು ಒಂಚೂರು ಮುಂದಕ್ಕೆ ತಿರುಗಿಸುತ್ತಾರೆ. ಗಾಡಿ ಚುರುಕಾಯಿತು ಅಂತ ನಾವೂ ಖುಷಿಯಿಂದ ಬರುತ್ತೇವೆ. ಈ ಅಭ್ಯಾಸ ಬಿಡಬೇಕು ಎನ್ನುವುದು ನಮ್ಮ ಮಾತು.

ಪ್ಲಗ್ಗಿನಲ್ಲಿ ಕಿಡಿ ಹಾರಿದ ತಕ್ಷಣ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಅದಕ್ಕೊಂದಿಷ್ಟು ಹೊತ್ತು ಬೇಕು. ಹಾಗಾಗಿ ಪಿಸ್ಟನ್ ಮೇಲಕ್ಕೆ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಕ್ರ್ಯಾಂಕ್ 6 ಡಿಗ್ರಿ ತಿರುಗುತ್ತದೆ. 4,000 ಸುತ್ತಿನಲ್ಲಿ ಅಷ್ಟೇ ಹೊತ್ತಿಗೆ 24 ಡಿಗ್ರಿ. ವೇಗ ಏರಿದಂತೆ ಕಿಡಿ ಇನ್ನೂ ಮುಂಚೆ ಬೇಕು. ಬುಲೆಟ್‌ನಲ್ಲಿ ಈ ಕೆಲಸಕ್ಕೆಂದೇ ಸ್ಪ್ರಿಂಗ್ ಕಟ್ಟಿದ ಎರಡು ಪುಟ್ಟ ತೂಕಗಳಿವೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಪಾಯಿಂಟ್ ಇರುವ ಯೆಜ್ಡಿಯಲ್ಲಿ ಅದೂ ಇಲ್ಲ. ಒಮ್ಮೆ ಇಟ್ಟ ಟೈಮಿಂಗೇ ಎಲ್ಲ ವೇಗಕ್ಕೂ.

ಕಿಡಿ ತೀರಾ ಮುಂಚೆ ಹಾರಿದರೆ ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರೇಟು ಬೀಳುತ್ತದೆ. ಬುಲೆಟ್ ಕಿಕ್ಕರ್ ವಾಪಸ್ ಒದ್ದು ಕಾಲು ಮುರಿದುಕೊಂಡವರ ಕಥೆ ಯಾವ ಊರಲ್ಲಿಲ್ಲ? ಹಾಲಿನ ಕ್ಯಾನ್ ಕಟ್ಟಿಕೊಂಡು ಏರು ಹತ್ತುವಾಗ ಎಂಜಿನ್ನಿನಲ್ಲಿ ಟಿಣ್ ಟಿಣ್ ಸದ್ದು ಬಂದರೆ ಅದೂ ಇದರ ಗುರುತಿರಬಹುದು. ಹಾಗೇ ಓಡಿಸಿದರೆ ಪಿಸ್ಟನ್ನೇ ತೂತಾದೀತು.

ಪಿಕಪ್ ಹೋಗುವುದು ಯಾಕೆ? ಹಲವು ಸಲ ಪಾಯಿಂಟಿನ ಫೈಬರ್ ತುಂಡು ಸವೆದು ಗ್ಯಾಪ್ ಕಡಿಮೆಯಾಗಿರುತ್ತದೆ. ಆಗ ಪಾಯಿಂಟ್ ತಡವಾಗಿ ಬಿಚ್ಚಿಕೊಂಡು ಕಿಡಿಯೂ ತಡವಾಗುತ್ತದೆ. ಗ್ಯಾಪ್ ಸರಿಮಾಡದೆ ಪ್ಲೇಟ್ ಮಾತ್ರ ತಿರುಗಿಸಿದರೆ, ಮುಂದೆ ಯಾರೋ ಹೊಸ ಪಾಯಿಂಟ್ ಹಾಕಿದ ದಿನ ಟೈಮಿಂಗ್ ಅತಿಯಾಗಿ ಮುಂದಕ್ಕೆ ಹೋಗಿರುತ್ತದೆ.

ಮೊದಲು ಫೀಲರ್ ಗೇಜ್ ಇಟ್ಟು ಗ್ಯಾಪ್, ಆಮೇಲೆ ಟೈಮಿಂಗ್. ಪಾಯಿಂಟ್ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಅದು ಜಾರುವ ಕ್ಷಣ ನೋಡುವ ಹಳೇ ಮೇಸ್ತ್ರಿಗಳ ಲೆಕ್ಕ ಇವತ್ತಿಗೂ ನಡೆಯುತ್ತದೆ. ಬುಲೆಟ್ ಆದರೆ ಆ ತೂಕಗಳು ತುಕ್ಕು ಹಿಡಿದು ಸಿಕ್ಕಿಕೊಂಡಿವೆಯೇ ಎಂದೂ ನೋಡಬೇಕು.

ಇದಕ್ಕೆ ಹೊತ್ತು ಹಿಡಿಯುತ್ತದೆ. ತಪ್ಪೆಲ್ಲ ಮೆಕ್ಯಾನಿಕ್ಕಿನದು ಅನ್ನಲಾಗದು. ಸ್ಪೇರ್ ಪಾರ್ಟಿಗೆ ಕೇಳಿದಷ್ಟು ಕೊಡುವ ನಾವು, ಅಳತೆ ಮಾಡಿದ ಕೂಲಿಗೆ ಚೌಕಾಸಿ ಮಾಡುತ್ತೇವೆ. ಅಳತೆಗೆ ಕಾಸು ಕೊಡಿ, ಪಕ್ಕದಲ್ಲೇ ನಿಂತು ಅಳತೆ ಮಾಡಿಸಿ. ಕಾಲೂ ಉಳಿಯುತ್ತದೆ, ಗಾಡಿಯೂ ಉಳಿಯುತ್ತದೆ.