ಕಲ್ಲು ಕೊರೆಯಿರಿ, ಅಡುಗೆಮನೆಯಲ್ಲಿ ಮಾತ್ರ ಬೇಡ

ಕಳೆದ ವಾರ ಪಕ್ಕದ ಬೀದಿಯ ಹುಡುಗಿಯೊಬ್ಬಳು ಬಂದು, ‘ಅಕ್ಕಾ, ನಿಮ್ಮ ಹಾಗೇ ನಾನೂ ಕಲ್ಲಿನ ಪೆಂಡೆಂಟ್ ಮಾಡ್ತಿದ್ದೀನಿ, ಐವತ್ತಕ್ಕೆ ಆರ್ಡರ್ ಸಿಕ್ಕಿದೆ’ ಅಂದಳು. ಖುಷಿಯಾಯ್ತು. ಮನೆಗೆ ಹೋಗಿ ನೋಡಿದರೆ ಅಡುಗೆಮನೆ ಕಟ್ಟೆಯ ಮೇಲೇ ಡ್ರಿಲ್ಲು, ಸುತ್ತ ಮೈದಾ ಚೆಲ್ಲಿದ ಹಾಗೆ ಬಿಳಿ ಪುಡಿ, ಎರಡು ಮಾರು ದೂರದ ತೊಟ್ಟಿಲಲ್ಲಿ ಎಂಟು ತಿಂಗಳ ಕೂಸು. ಎದೆ ಧಸಕ್ಕೆಂದಿತು.

ಬೈಯುವ ಹಕ್ಕು ನನಗಿಲ್ಲ ಬಿಡಿ. ರೋಟರಿ ಟೂಲ್ ತಂದ ಮೊದಲ ದಿನ ನಾನೂ ಒಣ ಕಲ್ಲನ್ನೇ ಕೊರೆದು ದೋಸೆಹಿಟ್ಟಿನ ಪಾತ್ರೆ ಮೇಲೆಲ್ಲ ಪುಡಿ ಕೂರಿಸಿದ್ದೆ. ‘ಇದೇನೇ, ಮನೇಲಿ ಕ್ವಾರಿ ಇಟ್ಟಿದ್ದೀಯ?’ ಎಂದಿದ್ದರು ಅತ್ತೆ. ಆಗ ನಕ್ಕುಬಿಟ್ಟೆ. ಅವರು ಹೇಳಿದ್ದು ನಿಜವೇ ಆಗಿತ್ತು.

ಲಕ್ಕವಳ್ಳಿಯಂಥ ಹೊಳೆದಂಡೆ ಊರಿನವರಿಗೆ ನುಣುಪುಗಲ್ಲು ಹೊಸತಲ್ಲ. (ಭದ್ರಾ ಅಭಯಾರಣ್ಯದೊಳಗಿನ ಕಲ್ಲಿಗೆ ಕೈಹಾಕಬೇಡಿ, ಅದು ಕಾನೂನಿಗೆ ವಿರುದ್ಧ.) ಅವುಗಳಲ್ಲಿ ಗಟ್ಟಿಯಾದ, ಹೊಳಪು ಬರುವ ಬೆಣಚುಕಲ್ಲು ಅಂದರೆ ಸಿಲಿಕಾ. ಕಣ್ಣಿಗೆ ಕಾಣುವ ಪುಡಿ ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತೆ. ಕಾಣದಷ್ಟು ಸಣ್ಣದು ಗಾಳಿಯಲ್ಲಿ ಬಹಳ ಹೊತ್ತು ತೇಲಿ, ಶ್ವಾಸಕೋಶದ ಆಳಕ್ಕಿಳಿದು ಗಾಯ ಮಾಡುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ವರ್ಷಗಳ ನಂತರ ಕಾಣಿಸಿಕೊಳ್ಳುವ ಇದನ್ನು ವಾಸಿ ಮಾಡುವ ಔಷಧಿಯಿಲ್ಲ, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ರೋಗ ಇದು. ಗಣಿ ಮಾತು ನಮಗ್ಯಾಕೆ ಅನ್ನಬೇಡಿ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಕಲ್ಲಿನ ಮಣಿ ಮಾಡುವುದು ಮನೆಮನೆಯ ಕಸುಬು. ಅಲ್ಲಿ ಕಲ್ಲು ಉಜ್ಜಿದವರಿಗಷ್ಟೇ ಅಲ್ಲ, ಆ ಕೆಲಸ ಮುಟ್ಟದ ಅಕ್ಕಪಕ್ಕದವರಿಗೂ ಸಿಲಿಕೋಸಿಸ್ ಬಂದದ್ದು ದಾಖಲಾಗಿದೆ.

ಹಾಗಂತ ಒಂದೆರಡು ಕಲ್ಲು ಕೊರೆದ ಮಾತ್ರಕ್ಕೆ ಹೆದರಿ ಕೂರಬೇಕಿಲ್ಲ. ಆದರೆ ಆರ್ಡರ್ ಬಂತೆಂದರೆ ಅದು ಹವ್ಯಾಸವಲ್ಲ, ದಿನದ ಕೆಲಸ. ಎಲ್ಲಕ್ಕೂ ಮೊದಲು ನೀರು. ಅಗಲ ಡಬ್ಬಿಯಲ್ಲಿ ಕಲ್ಲನ್ನು ಜೇಡಿಮಣ್ಣಿನ ಉಂಡೆಗೆ ಒತ್ತಿ ಕೂರಿಸಿ, ಮುಳುಗುವಷ್ಟು ನೀರು ಹಾಕಿ. ಉಕ್ಕಿನ ಮಾಮೂಲಿ ಬಿಟ್ ಬೆಣಚಿಗೆ ನಾಟುವುದಿಲ್ಲ, ವಜ್ರದ ಪುಡಿ ಲೇಪಿಸಿದ್ದೇ ಬೇಕು. ವೇಗ ಕಡಿಮೆ ಇಡಿ. ಒತ್ತಬೇಡಿ, ಆಗಾಗ ಬಿಟ್ ಮೇಲೆತ್ತಿ, ತೂತಿಗೆ ನೀರು ಇಳಿಯಲಿ. ಅರ್ಧ ಕೊರೆದ ಮೇಲೆ ಕಲ್ಲು ತಿರುಗಿಸಿ ಆಚೆಯಿಂದ ಕೊರೆದರೆ ಅಂಚು ಸಿಡಿಯುವುದಿಲ್ಲ. ಪಾಲಿಶ್‌ಗೂ ನೀರಲ್ಲಿ ನೆನೆಸುವ ಎಮರಿ ಪೇಪರ್: 220ರಿಂದ ಶುರುಮಾಡಿ 400, 600, 1000, 2000. ಅವಸರಕ್ಕೆ ನಡುವಿನದನ್ನು ಬಿಟ್ಟರೆ ಗೀರು ಹಾಗೇ ಉಳಿಯುತ್ತೆ.

ನೀರು, ಕರೆಂಟು ಒಟ್ಟಿಗೇ ಇರುವಾಗ ಹುಷಾರು. ಬಿಟ್‌ನ ತುದಿ ಮಾತ್ರ ಮುಳುಗಬೇಕು. ಬ್ಯಾಟರಿಯದಾದರೆ ನಿಶ್ಚಿಂತೆ, ಪ್ಲಗ್ಗಿನದಾದರೆ ಮನೆಯ ಲೈನಿಗೆ ಆರ್‌ಸಿಸಿಬಿ ಇದೆಯೇ ಅಂತ ಎಲೆಕ್ಟ್ರಿಷಿಯನ್‌ನ ಕೇಳಿ. ಸೆರಗು ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್. ಸೆರಗಿನ ತುದಿ ಮೂಗಿಗೆ ಹಿಡಿದರೆ ಈ ಪುಡಿ ನಿಲ್ಲದು. ಕೆಲಸ ಮುಗಿದ ಮೇಲೆ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಸರುನೀರು ಸಿಂಕಿಗೆ ಸುರಿದರೆ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತೆ.

ಹೊಸಬರು ಮೆದುವಾದ ಬಳಪದ ಕಲ್ಲಿನಲ್ಲಿ ಕೈ ಪಳಗಿಸಿಕೊಳ್ಳಿ, ಅದನ್ನೂ ಒದ್ದೆ ಮಾಡಿಯೇ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿಯ ಕಂಬಗಳನ್ನು ನೋಡಿದ್ದೀರಲ್ಲ, ಆ ಹೊಳಪು ಅಂಥ ಕಲ್ಲಿನದೇ.

ಇನ್ನೊಂದು ಮಾತು. ‘ಕಲ್ಲು ಪುಕ್ಕಟೆ ತಾನೇ’ ಅಂತ ದಾರದ ದುಡ್ಡಿಗೆ ನಾಲ್ಕು ಕಾಸು ಸೇರಿಸಿ ಬೆಲೆ ಹೇಳುತ್ತೇವೆ. ಸವೆದ ಬಿಟ್, ಮಾಸ್ಕ್, ನಮ್ಮ ಹೊತ್ತು, ಇವಕ್ಕೆ ಲೆಕ್ಕ ಬೇಡವೇ? ನನ್ನ ಕೇಳಿದರೆ, ಕಮ್ಮಿ ಬೆಲೆಗೆ ಒಪ್ಪಿಕೊಂಡದ್ದಕ್ಕೇ ಅವಸರ, ಅವಸರಕ್ಕೇ ಒಣ ಕೊರೆತ.

ಹುಡುಗಿ ಈಗ ಹಿತ್ತಿಲ ಜಗಲಿಗೆ ಡಬ್ಬಿ ಸಾಗಿಸಿದ್ದಾಳೆ. ಆರ್ಡರ್ ಕೊಟ್ಟವರ ಹತ್ತಿರ ಹತ್ತು ದಿನ ಹೆಚ್ಚಿಗೆ ಕೇಳಿದಳಂತೆ. ಗೊಣಗಿದರು, ಆದರೂ ಒಪ್ಪಿದರು.