ಪೌರನೆಂದರೆ ಯಾರು?

ಪುರದಲ್ಲಿ ವಾಸಿಸುವವನು ಪೌರನೆಂದು ನಿಘಂಟು ಹೇಳುತ್ತದೆ. ಇಂದು ಆ ಶಬ್ದವು ಜನರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಪೌರಕಾರ್ಮಿಕರ ಹೆಸರಿನಲ್ಲಿ. ನಾವು ಬೀದಿಗೆಸೆದ ಕಸವನ್ನು ನಸುಕಿನಲ್ಲೆದ್ದು ಗುಡಿಸುವವರಿಗೆ ಶಬ್ದವನ್ನೂ ಹೊಣೆಯನ್ನೂ ಒಪ್ಪಿಸಿ, ಹಕ್ಕನ್ನು ಮಾತ್ರ ನಾವು ಉಳಿಸಿಕೊಂಡಂತಿದೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ನಮಗೆ ಮೂಲಭೂತ ಹಕ್ಕುಗಳನ್ನಿತ್ತಿತು. ಮೂಲಭೂತ ಕರ್ತವ್ಯಗಳು ಅದಕ್ಕೆ ಸೇರಿದ್ದು 1976ರಲ್ಲಿ. ಸಾರ್ವಜನಿಕ ಸ್ವತ್ತನ್ನು ಕಾಯುವುದೂ ಅವುಗಳಲ್ಲೊಂದು. ಆದರೆ ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಹಕ್ಕುಗಳೇ ಸೊರಗಿದ್ದುವು. ಹಕ್ಕಿಲ್ಲದವನ ಕರ್ತವ್ಯವು ಬರಿಯ ಊಳಿಗ. ಕರ್ತವ್ಯವನ್ನೊಲ್ಲದವನ ಹಕ್ಕು ಸುಲಿಗೆ.

ಮತದಾನವು ಒಂದು ದಿನದ ಕಾರ್ಯ. ಪೌರತ್ವವಾದರೋ ದಿನದಿನದ ಬಾಳು. ಪೌರನೀತಿಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿದರೆ ಸಾಲದು. ಹೊಸ್ತಿಲಿನಾಚೆಯ ಬೀದಿಯೂ ತನ್ನ ಅಂಗಳವೇ ಎಂದು ಬಗೆದು ನಡೆಯುವವನು ಪೌರ. ಉಳಿದವನು ಆ ಊರಿನ ಬಾಡಿಗೆದಾರ.