ಸ್ಮಾರ್ಟ್ ಟಿವಿ ಇರಲಿ, ಮೊದಲು ಕನ್ನಡ ಬಲ್ಲ ಟೀಚರ್ ಕೊಡಿ

ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಶಾಲೆಗಳಿಗೆ ಈಗ ಯಾರು ಏನು ಕೊಟ್ಟರೂ ಅದು ಟಿವಿಯೇ. ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಹಳೆ ವಿದ್ಯಾರ್ಥಿಗಳು ಸೇರಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡುತ್ತಾರೆ, ಒಂದು ವಾರದಲ್ಲಿ ದುಡ್ಡು ಒಟ್ಟಾಗುತ್ತದೆ, ಒಂದನೇ ಕ್ಲಾಸಿನ ಗೋಡೆಗೆ 55 ಇಂಚಿನ ಟಿವಿ ಬೀಳುತ್ತದೆ. ಉದ್ಘಾಟನೆಗೆ ವಾರ್ಡ್ ಮೆಂಬರ್ ಬರುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಟಿವಿಯ ಕೆಳಗೆ ದಾನಿಗಳ ಹೆಸರಿನ ಸ್ಟಿಕ್ಕರ್ ಅಂಟುತ್ತದೆ. ಮರುದಿನದಿಂದ ಅದರಲ್ಲಿ ಏನು ತೋರಿಸಬೇಕು, ಯಾವ ಭಾಷೆಯಲ್ಲಿ ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂದು ಉದ್ಘಾಟನೆಯ ದಿನ ಯಾರೂ ಕೇಳುವುದಿಲ್ಲ. ಕೇಳಿದವನನ್ನು 'ಎಲ್ಲದಕ್ಕೂ ಅಡ್ಡ ಹೇಳುವವ' ಅನ್ನುತ್ತಾರೆ. ಆ ಹೆಸರು ನನಗೆ ಬಂದು ಬಹಳ ಕಾಲವಾಯಿತು. ಹಾಗಾಗಿ ಬರೆಯುವುದಕ್ಕೆ ಸಂಕೋಚವಿಲ್ಲ.

ನಾನು ಕನ್ನಡ ಮಾಧ್ಯಮದ ಒಂದು ಎಲ್.ಪಿ. ಶಾಲೆಯಲ್ಲಿ ಪಾಠ ಮಾಡುವವ. ಮನೆಮಾತು ಬ್ಯಾರಿ. ಕಂಪ್ಯೂಟರ್ ಕಂಡರೆ ಓಡುವವನೂ ಅಲ್ಲ. ಶಾಲೆಯ ಲ್ಯಾಪ್‌ಟಾಪ್ ಕೆಟ್ಟರೆ ಬಿಚ್ಚಿ ಕೂರುವವ ನಾನೇ. ಕೇರಳ ಸರ್ಕಾರ ಈ ವಿಷಯದಲ್ಲಿ ಮಾಡಿದ ಒಂದು ಕೆಲಸಕ್ಕೆ ನನಗೆ ಗೌರವವಿದೆ. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಆಗಿರುವ ಸಂಸ್ಥೆ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನೇ ಕೊಟ್ಟಿತು. ನಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ, ಪರವಾನಗಿಗೆ ಯಾವ ಕಂಪೆನಿಗೂ ದುಡ್ಡು ಕಟ್ಟಬೇಕಿಲ್ಲ. ಒಂದರಿಂದ ನಾಲ್ಕರವರೆಗಿನ ಮಕ್ಕಳಿಗೆ 'ಕಳಿಪ್ಪೆಟ್ಟಿ' ಎಂಬ ಐಟಿ ಪುಸ್ತಕ ಮಾಡಿದರು. ಆಟದ ಪೆಟ್ಟಿಗೆ ಎಂದರ್ಥ. ಜಿಕಾಂಪ್ರಿ ಎಂಬ ತಂತ್ರಾಂಶದಲ್ಲಿ ಮಕ್ಕಳು ಮೌಸ್ ಹಿಡಿಯುವುದು, ಎಣಿಸುವುದು, ಬಣ್ಣ ಗುರುತಿಸುವುದು ಕಲಿಯುತ್ತಾರೆ. ಅದಕ್ಕೆ ಇಂಟರ್ನೆಟ್ ಬೇಡ, ನಡುವೆ ಜಾಹೀರಾತು ಬರುವುದಿಲ್ಲ, ಮಗುವಿನ ಹೆಸರು, ಫೋನ್ ನಂಬರ್ ಕೇಳುವುದಿಲ್ಲ. ಜವಾಬ್ದಾರಿಯ ತಂತ್ರಜ್ಞಾನ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಆದರೆ ಗೋಡೆಯ ಟಿವಿಯಲ್ಲಿ ಓಡುವುದು ಇದಲ್ಲ. ಓಡುವುದು ಯೂಟ್ಯೂಬ್. ನಮ್ಮ ಕನ್ನಡ ಪಠ್ಯಪುಸ್ತಕ ಕೇರಳದ್ದು, ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಸಿಗುವ ಪಾಠ ಹೆಚ್ಚಿನದು ಕರ್ನಾಟಕದ್ದು. ಕ್ರಮವೂ ಬೇರೆ, ಪದ್ಯವೂ ಬೇರೆ, ಪ್ರಶ್ನೆ ಕೇಳುವ ರೀತಿಯೂ ಬೇರೆ. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಮಲಯಾಳಂ ವಿಡಿಯೋ ಹಾಕುವುದು, ಅದೂ ಸಿಗದಿದ್ದರೆ ಇಂಗ್ಲಿಷ್ ರೈಮ್ಸ್. ಎಷ್ಟೋ ಕಡೆ ಮಧ್ಯಾಹ್ನದ ಊಟದ ನಂತರದ ಪೀರಿಯಡ್ ಎಂದರೆ ಕಾರ್ಟೂನ್ ಎಂದೇ ಆಗಿದೆ. ಇನ್ನು ಗಡಿಯಾಚೆಯ ಮಾಸ್ಟ್ರುಗಳು ಪ್ರೀತಿಯಿಂದ ಕಳಿಸುವ ವರ್ಕ್‌ಶೀಟುಗಳ ಕಥೆ. ಅವು ಹಳೆ ನುಡಿ ಅಕ್ಷರದಲ್ಲಿರುತ್ತವೆ. ನಮ್ಮ ಲಿನಕ್ಸ್‌ನಲ್ಲಿ ತೆರೆದರೆ ಅಕ್ಷರಗಳ ಬದಲು ಕಸ ಕಾಣುತ್ತದೆ. ಯುನಿಕೋಡ್ ಬಂದು ಇಷ್ಟು ವರ್ಷವಾದರೂ ನಾವು ಒಬ್ಬರಿಗೊಬ್ಬರು ಓದಲಾಗದ ಕಾಗದ ಕಳಿಸುತ್ತಾ ಇದ್ದೇವೆ.

ಬ್ಯಾರಿ ಮಗುವಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಇರುವುದು ಅಲ್ಲಿ. ಒಂದನೇ ಕ್ಲಾಸಿಗೆ ಬರುವ ಮಗು ಮನೆಯಲ್ಲಿ 'ಬಿತ್ತ್' ಎಂದು ಕೇಳಿರುತ್ತದೆ. ಕನ್ನಡ ಪುಸ್ತಕದಲ್ಲಿ ಅದು ಬೀಜ. ಟಿವಿಯ ಮಲಯಾಳಂ ಅಕ್ಕ ಅದನ್ನು 'ವಿತ್ತ್' ಅನ್ನುತ್ತಾಳೆ. ಮನೆಯ 'ಬೇಲಿ' ಪುಸ್ತಕದಲ್ಲೂ ಬೇಲಿಯೇ, ಟಿವಿಯಲ್ಲಿ 'ವೇಲಿ'. ಮನೆಯ 'ಬೆಲೆ' ಪುಸ್ತಕದಲ್ಲೂ ಬೆಲೆ, ಟಿವಿಯಲ್ಲಿ 'ವಿಲ'. ಮನೆಯ ಮಾತಿನಿಂದ ಪುಸ್ತಕದ ಕನ್ನಡಕ್ಕೆ ಹತ್ತಿರದ ದಾರಿ ಇದೆ. ಆ ದಾರಿಯಲ್ಲಿ ಕೈಹಿಡಿದು ನಡೆಸುವುದಕ್ಕೆ ಎರಡೂ ಭಾಷೆ ತಿಳಿದ ಒಬ್ಬರು ಪಕ್ಕದಲ್ಲಿ ಕೂರಬೇಕು. ಪರದೆಗೆ ಈ ದಾರಿ ಗೊತ್ತಿಲ್ಲ.

ಇನ್ನೊಂದು. ಬ್ಯಾರಿಯಲ್ಲಿ ಲ-ಳ, ನ-ಣ ವ್ಯತ್ಯಾಸ ಉಳಿದಿಲ್ಲ. ಅದು ತಪ್ಪಲ್ಲ, ಆ ಭಾಷೆ ಇರುವುದೇ ಹಾಗೆ. ಆದರೆ ಕನ್ನಡ ಬರೆಯುವಾಗ ಮಗು 'ಹಳ್ಳಿ'ಯನ್ನು 'ಹಲ್ಲಿ' ಮಾಡುತ್ತದೆ. 'ಕಲ್ಲು', 'ಕಳ್ಳು' ಎರಡೂ ಅದರ ಬಾಯಲ್ಲಿ ಒಂದೇ. ಕ್ಲಾಸಿನಲ್ಲಿ ನಗು ಎದ್ದರೆ ಆ ಮಗು ಮತ್ತೆ ಒಂದು ವಾರ ಬಾಯಿ ಬಿಡುವುದಿಲ್ಲ. ಇಲ್ಲಿ ಬೇಕಾದದ್ದು ಹತ್ತಿರ ಕರೆದು, ನಾಲಿಗೆಯನ್ನು ಮೇಲೆ ಮಡಚಿ ತೋರಿಸಿ, 'ಈಗ ನೀನು ಹೇಳು ಮೋನೇ' ಎನ್ನುವ ಟೀಚರ್. ಒಂದನೇ ಸಲ ಬಾರದಿದ್ದರೆ ಎರಡನೇ ಸಲ, ಬಾರದಿದ್ದರೆ ನಾಳೆ. ಟಿವಿ ಮಗುವಿನ ಮಾತು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳುತ್ತೇವೆ ಎನ್ನುವ ಆ್ಯಪ್‌ಗಳಿಗೂ ನಮ್ಮ ಮನೆಮಾತು ಗೊತ್ತಿಲ್ಲ. ಗೂಗಲ್ ಟ್ರಾನ್ಸ್‌ಲೇಟ್ 2024ರಲ್ಲಿ ಒಮ್ಮೆಗೇ 110 ಭಾಷೆ ಸೇರಿಸಿತು. ಅದರಲ್ಲಿ ತುಳು ಇತ್ತು, ಖುಷಿಯ ವಿಷಯ. ಬ್ಯಾರಿ ಇರಲಿಲ್ಲ.

ಹಾಗಾದರೆ ಕನ್ನಡ ಬಲ್ಲ ಟೀಚರ್ ಎಲ್ಲಿದ್ದಾರೆ? ಇದೇ ಪ್ರಶ್ನೆ ಹಿಡಿದು ನಮ್ಮ ಜಿಲ್ಲೆಯಲ್ಲಿ ಪೋಷಕರು ಎಷ್ಟು ಸಲ ಶಾಲೆಯ ಗೇಟಿನ ಮುಂದೆ ಕೂತಿದ್ದಾರೆ! ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ನೇಮಕವಾಗಿ ಬರುವುದು, ಮಕ್ಕಳು ಕ್ಲಾಸಿನಲ್ಲಿ ಸುಮ್ಮನೆ ಕೂರುವುದು, ಪ್ರತಿಭಟನೆ, ಮನವಿ, ಕೋರ್ಟು, ಇದು ಕಾಸರಗೋಡಿನ ಹಳೆ ಕಥೆ. ಈ ಕಥೆಯೊಳಗೆ ಈಗ ಟಿವಿ ಬಂದಿದೆ. ಪಾಠ ಮಾಡಲು ಭಾಷೆ ಬಾರದವರಿಗೆ ಟಿವಿ ಎಷ್ಟು ಅನುಕೂಲ ಯೋಚಿಸಿ. ಸ್ವಿಚ್ ಹಾಕಿದರೆ ಪೀರಿಯಡ್ ಮುಗಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಕ್ಲಾಸ್ ಸ್ಮಾರ್ಟ್ ಆಗಿ ಕಾಣುತ್ತದೆ. ಖಾಲಿ ಇರುವ ಹುದ್ದೆ ಖಾಲಿಯಾಗಿ ಕಾಣುವುದೇ ಇಲ್ಲ. ನಾವು ಒಳ್ಳೆಯ ಮನಸ್ಸಿನಿಂದ ಕೊಟ್ಟ ದುಡ್ಡು ಸರ್ಕಾರ ಮುಚ್ಚಬೇಕಾದ ತೂತಿನ ಮೇಲೆ ಪರದೆ ಹಾಕುತ್ತಿದೆ. ನನ್ನ ತಕರಾರು ಇಷ್ಟೇ, ಮತ್ತು ಇದು ಸಣ್ಣ ತಕರಾರಲ್ಲ.

'ಕೊರೋನಾ ಕಾಲದಲ್ಲಿ ಟಿವಿ ಇಲ್ಲದಿದ್ದರೆ ಮಕ್ಕಳ ಗತಿ ಏನಾಗುತ್ತಿತ್ತು ಮಾಸ್ಟ್ರೇ?' ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಶುರುವಾಯಿತು. ಮಲಯಾಳಂ ಮಗುವಿಗೆ ಮನೆಯ ಟಿವಿ ಸಾಕಿತ್ತು. ಕನ್ನಡ ಮಾಧ್ಯಮದ ಪಾಠ ನಮಗೆ ಸಿಕ್ಕಿದ್ದು ಮುಖ್ಯವಾಗಿ ಯೂಟ್ಯೂಬಿನಲ್ಲಿ. ಅಂದರೆ ಟಿವಿ ಇದ್ದರೆ ಸಾಲದು, ಫೋನ್ ಬೇಕು, ಡಾಟಾ ಬೇಕು, ರೇಂಜ್ ಬೇಕು. ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡದ ಮನೆಗಳಲ್ಲಿ ರೇಂಜ್ ಹುಡುಕಿ ತೋಟದ ಬದಿಗೆ ಹೋದ ಮಕ್ಕಳನ್ನು ನೆನಪಿಸಿಕೊಳ್ಳಿ. ಆ ಪಾಠಗಳನ್ನು ಕಷ್ಟಪಟ್ಟು ತಯಾರಿಸಿದ ಕನ್ನಡದ ಅಧ್ಯಾಪಕರ ಬಗ್ಗೆ ನನಗೆ ಮೆಚ್ಚುಗೆಯೇ ಇದೆ, ಅವರು ಸಂಬಳಕ್ಕೆ ಮೀರಿ ದುಡಿದರು. ಆದರೆ ಆ ದಿನಗಳು ಕಲಿಸಿದ್ದೇನು? ಯಂತ್ರ ಮೊದಲು ಬರುತ್ತದೆ, ನಮ್ಮ ಭಾಷೆ ಆಮೇಲೆ, ಹಿಂದಿನ ಬಾಗಿಲಿನಿಂದ ಬರುತ್ತದೆ.

ಅದೇ 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ಪ್ರಜ್ಞಾತಾ' ಎಂಬ ಮಾರ್ಗಸೂಚಿ ಹೊರಡಿಸಿತ್ತು. ಶಾಲೆಗಳೇ ಮುಚ್ಚಿದ್ದ ಕಾಲದಲ್ಲಿ ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಆನ್‌ಲೈನ್ ಪಾಠಕ್ಕಿಂತ ಹೆಚ್ಚು ಬೇಡ ಎಂದು ಅದರಲ್ಲಿತ್ತು. ಬೇರೆ ದಾರಿಯೇ ಇಲ್ಲದ ದಿನಗಳ ಮಿತಿ ಅದು. ಈಗ ಟೀಚರ್ ಎದುರಿಗೇ ಇರುವಾಗ, ಅಂಗಳದಲ್ಲಿ ಮಾವಿನ ಮರವಿರುವಾಗ ಅಷ್ಟೇ ಹೊತ್ತು ಪರದೆ ನೋಡಿಸುವವರಿಗೆ ಏನು ಹೇಳೋಣ?

'ಮೆಷಿನ್ ಕೊಟ್ಟರೆ ಮಕ್ಕಳು ತಾವೇ ಕಲಿಯುತ್ತಾರೆ' ಎಂಬ ಮಾತನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ದೇಶ ಪೆರು. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಲ್ಲಿ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದರು. ಸುಮಾರು 319 ಹಳ್ಳಿ ಶಾಲೆಗಳಲ್ಲಿ ಅಳೆದು ನೋಡಿದಾಗ ಗಣಿತದಲ್ಲಿ, ಭಾಷೆಯಲ್ಲಿ ಮಕ್ಕಳು ಮುಂದೆ ಹೋದದ್ದು ಕಾಣಲಿಲ್ಲ. 2012ರಲ್ಲಿ ವರದಿ ಬಂತು. ಸ್ವೀಡನ್‌ನಂಥ ಶ್ರೀಮಂತ ದೇಶ 2023ರಲ್ಲಿ ಮತ್ತೆ ಅಚ್ಚಿನ ಪುಸ್ತಕಕ್ಕೆ ದುಡ್ಡು ತೆಗೆದಿಟ್ಟಿತು. ಅದೇ ವರ್ಷ ಯುನೆಸ್ಕೋ ತನ್ನ ಶಿಕ್ಷಣ ವರದಿಯಲ್ಲಿ, ಈ ಸಲಕರಣೆ ಯಾರ ಷರತ್ತಿನ ಮೇಲೆ ಶಾಲೆಯೊಳಗೆ ಬರುತ್ತಿದೆ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿತು. ನಮ್ಮ ಪಿಟಿಎ ಮೀಟಿಂಗಿನಲ್ಲಿ ಈ ಪ್ರಶ್ನೆ ಬರುವುದು ಯಾವಾಗ?

ಇನ್ನು ರೀಲ್ಸ್. ಇದನ್ನು ಬರೆದರೆ ಕೆಲವು ಸಹೋದ್ಯೋಗಿಗಳು ನನ್ನೊಡನೆ ಮಾತು ಬಿಡಬಹುದು, ಬಿಡಲಿ. ಜೂನ್ ತಿಂಗಳ ಪ್ರವೇಶೋತ್ಸವದಿಂದ ಶುರುವಾಗಿ ವರ್ಷವಿಡೀ ಒಂದನೇ, ಎರಡನೇ ಕ್ಲಾಸಿನ ಮಕ್ಕಳನ್ನು ಕುಣಿಸಿ, ಅಳಿಸಿ, ತಪ್ಪು ಉತ್ತರ ಹೇಳಿಸಿ ವಿಡಿಯೋ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕುವ ಚಟ ಹರಡಿದೆ. ಕಾರಣ ಕೇಳಿದರೆ, ಶಾಲೆಗೆ ಮಕ್ಕಳು ಬರಬೇಕಲ್ಲ, ಪಕ್ಕದ ಇಂಗ್ಲಿಷ್ ಮೀಡಿಯಂನವರು ಹಾಕುತ್ತಾರಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಆರು ವರ್ಷದ ಹುಡುಗಿ 'ಹಳ್ಳಿ'ಗೆ 'ಹಲ್ಲಿ' ಎಂದದ್ದನ್ನು ಸಾವಿರಾರು ಜನ ನೋಡಿ ನಕ್ಕರೆ ಅವಳಿಗೆ ನಾವು ಏನು ಕೊಟ್ಟ ಹಾಗಾಯಿತು? ಅವಳು ಹದಿನೈದರ ಹುಡುಗಿಯಾದಾಗಲೂ ಆ ವಿಡಿಯೋ ಯಾರದ್ದೋ ಫೋನಿನಲ್ಲಿ ಇರುತ್ತದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳು ಎಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ, ಅವರನ್ನು ಗುರಿಯಾಗಿಸಿ ಜಾಹೀರಾತು ಹಾಕಬಾರದೆನ್ನುತ್ತದೆ. ಮಕ್ಕಳ ಮಾಹಿತಿ ಒಟ್ಟುಮಾಡಿದ್ದಕ್ಕೆ 2019ರಲ್ಲಿ ಅಮೆರಿಕದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಬೇಕಾಯಿತು. ಕಂಪೆನಿಗಳನ್ನು ಕೋರ್ಟಿಗೆ ಎಳೆಯುವ ಕೆಲಸ ದೊಡ್ಡವರು ಮಾಡಲಿ. ನಮ್ಮದೇ ಶಾಲೆಯ ಪೇಜಿನಿಂದ ಮಕ್ಕಳ ಮುಖ ತೆಗೆಯಲು ಕೋರ್ಟು ಬೇಕಿಲ್ಲ.

ಹೋಮ್‌ವರ್ಕ್ ವಾಟ್ಸ್‌ಆ್ಯಪಿನಲ್ಲಿ ಕಳಿಸುವುದೂ ಹಾಗೇ. ಉಪ್ಪನ ಫೋನ್ ಉಪ್ಪನ ಜೊತೆ ಮೀನು ಮಾರ್ಕೆಟಿಗೆ ಹೋಗಿರುತ್ತದೆ, ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತದೆ. ಮೂರು ಮಕ್ಕಳ ಹೋಮ್‌ವರ್ಕ್ ಅದರಲ್ಲೇ. ನಿದ್ದೆ ತೂಗುವ ಮಗುವನ್ನು ಎಬ್ಬಿಸಿ ಪರದೆ ನೋಡಿ ಬರೆಸುವ ಉಮ್ಮನನ್ನು ಕೇಳಿ, ಜವಾಬ್ದಾರಿ ಯಾರದು ಎಂದು ಅವರೇ ಹೇಳುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ನೋಟ್ಸ್ ಕಳಿಸುವುದು ನಿಲ್ಲಿಸಿ ಎಂದು 2024ರಲ್ಲಿ ಕೇರಳದ ಹೈಯರ್ ಸೆಕೆಂಡರಿ ವಿಭಾಗವೇ ಸುತ್ತೋಲೆ ಕಳಿಸಿತ್ತು. ಹದಿನಾರು ವರ್ಷದವರಿಗೆ ಬೇಡವಾದದ್ದು ಆರು ವರ್ಷದವರಿಗೆ ಹೇಗೆ ಬೇಕಾಯಿತು? ನಮ್ಮ ಶಾಲೆಯಲ್ಲಿ ನಾನು ಹೋಮ್‌ವರ್ಕನ್ನು ಬೋರ್ಡಿನಲ್ಲಿ ಬರೆಯುತ್ತೇನೆ, ಮಕ್ಕಳು ಪುಸ್ತಕದಲ್ಲಿ ಇಳಿಸುತ್ತಾರೆ. ಬರವಣಿಗೆಯೂ ಆಯಿತು.

ಹಾಗೆಂದು ನಮ್ಮ ಕ್ಲಾಸಿನಲ್ಲಿ ಯಂತ್ರವೇ ಇಲ್ಲವೆಂದಲ್ಲ. ಮೂರನೇ ಕ್ಲಾಸಿನವರು ಮೀನಿನ ಹೆಸರು ಒಟ್ಟುಮಾಡಿದರು. ಬೂತಾಯಿ ಮಲಯಾಳಂನಲ್ಲಿ ಮತ್ತಿ, ಬಂಗುಡೆ ಅಯಲ. ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿಕೊಂಡು ಬಂದರು. ಮೀನು ಮಾರುವ ಒಬ್ಬರು ಹಿರಿಯರನ್ನು ಕ್ಲಾಸಿಗೇ ಕರೆದು ಅವರ ಮಾತನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಮಕ್ಕಳು ಅದನ್ನು ಮತ್ತೆ ಮತ್ತೆ ಕೇಳಿ ಬ್ಯಾರಿ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದರು. ಯಾವ ಶಬ್ದಕ್ಕೆ ಯಾವ ಅಕ್ಷರ ಎಂದು ಅರ್ಧ ಗಂಟೆ ಜಗಳ. ಲ-ಳ ಬಗ್ಗೆ ನಾನು ವರ್ಷವಿಡೀ ಹೇಳಿದ್ದಕ್ಕಿಂತ ಹೆಚ್ಚು ಆ ಜಗಳದಲ್ಲಿ ಕಲಿತರು. ರೆಕಾರ್ಡಿಂಗ್ ಶಾಲೆಯ ಲ್ಯಾಪ್‌ಟಾಪಿನಲ್ಲಿದೆ, ಎಲ್ಲಿಯೂ ಹಾಕಿಲ್ಲ. ಇನ್ನೊಂದು ದಿನ ಹಲಸಿನ ಎಲೆಯ ನರಗಳನ್ನು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಪ್ರೊಜೆಕ್ಟರಿನಲ್ಲಿ ನೋಡಿದೆವು, ಐದು ನಿಮಿಷ. ಆಮೇಲೆ ಸ್ವಿಚ್ ಆಫ್ ಮಾಡಿ ಎಲ್ಲರೂ ಎಲೆ ಹುಡುಕಲು ಹೊರಗೆ ಹೋದರು.

ಗಲ್ಫಿನಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು. ನಿಮ್ಮ ದುಡ್ಡು ಬೆವರಿನದು, ಅದನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಮುಂದಿನ ಸಲ ಶಾಲೆಯಿಂದ ಟಿವಿಗೆ ಬೇಡಿಕೆ ಬಂದರೆ ಮೊದಲು ಮೂರು ಪ್ರಶ್ನೆ ಕೇಳಿ: ಕನ್ನಡ ಹುದ್ದೆ ಎಷ್ಟು ಖಾಲಿ ಇದೆ, ಲೈಬ್ರರಿಯ ಬೀಗದ ಕೈ ಯಾರ ಹತ್ತಿರ ಇದೆ, ಈಗಿರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟು ಓಡುತ್ತವೆ. ಉತ್ತರ ಬರೆದು ಕೊಡಲಿ. ಖಾಲಿ ಹುದ್ದೆ ಇದ್ದರೆ ಆ ದುಡ್ಡಿನಲ್ಲಿ ಊರಿನ ಕನ್ನಡ ಕಲಿತ ಒಬ್ಬ ಹುಡುಗಿಗೆ ಹುದ್ದೆ ತುಂಬುವವರೆಗೆ ಪಿಟಿಎ ಲೆಕ್ಕದಲ್ಲಿ ಸಂಬಳ ಕೊಡಿ, ಜೊತೆಗೆ ಡಿಡಿಇ ಆಫೀಸಿಗೆ ಮನವಿಯನ್ನೂ ಹಾಕಿ. ಬ್ಯಾರಿಯೂ ತುಳುವೂ ಬರುವವಳಾದರೆ ಇನ್ನೂ ಒಳ್ಳೆಯದು. ನಮ್ಮ ಪಿಟಿಎ ಜನರಲ್ ಬಾಡಿಯಲ್ಲಿ ನಾನು ಇದನ್ನೇ ಬರೆದು ಕೊಟ್ಟಿದ್ದೇನೆ. ಅಧ್ಯಕ್ಷರು ಓದಿ ಮಡಚಿ ಜೇಬಿಗೆ ಹಾಕಿದರು. ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇನೆ.